ನೂರು ಗ್ರಾಂ ಹಿತ್ತಾಳೆ

ಆಸಿಡ್ ಬಿದ್ದ ಕಡೆ ಕಲ್ಲು ಬುಸ್ಸೆಂದು ನೊರೆ ಕಾರಿತು. ಅನಂತರಾಮು ಮೇಷ್ಟರ ಮುಖ ಅರಳಿತು.

"ಸುಣ್ಣದ ಕಲ್ಲು. ಉಪ್ಪು ನೀರಿಗೆ ಒಳ್ಳೇದು, ಈ ಕಡೆ ಇಡು. ಆ ಮರದ ಬೇರು ಬೇಡ, ನೀರು ಹುಳಿಯಾಗುತ್ತೆ. ಬಣ್ಣ ಹೊಡೆದ ಬೊಂಬೆ ಯಾರು ತಂದಿದ್ದು? ಅದೂ ಆಚೆ ಹಾಕು."

ಚಿಕ್ಕಬೋರಮ್ಮ ಒಂದೊಂದನ್ನೇ ಎತ್ತಿ ಹೇಳಿದ ಕಡೆ ಇಟ್ಟಳು. ಮದ್ದೂರಿನ ಆ ಖಾಸಗಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಕಸ ಗುಡಿಸಿ ಗಾಜು ತೊಳೆಯುತ್ತ ಅವಳಿಗೆ ಆರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಮೇಷ್ಟರಿಗೆ ಇಂಥ ಗೀಳು ಹಿಡಿದದ್ದನ್ನು ಕಂಡಿರಲಿಲ್ಲ. ಎಪ್ಪತ್ತನಾಲ್ಕರ ಆ ಶ್ರಾವಣದಲ್ಲಿ, ಮಂಗಳೂರಿಗೆ ಬೆಲ್ಲ ಹೊತ್ತು ಹೋದ ಲಾರಿ ಬರುವಾಗ ಆರು ಕ್ಯಾನು ಸಮುದ್ರದ ನೀರು, ನಾಲ್ಕು ಚುಕ್ಕೆ ಮೀನು, ಎರಡು ಸಿಗಡಿ, ಶಂಖದ ಚಿಪ್ಪನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಒಂದು ಸನ್ಯಾಸಿ ಏಡಿಯನ್ನು ತಂದು ಇಳಿಸಿತ್ತು. ಆ ಸಮುದ್ರದ ನೀರಿಗೆ ಬಾವಿ ನೀರು, ತೂಗಿದ ಉಪ್ಪು ಬೆರೆಸಿ, ನದಿ ಸಮುದ್ರ ಸೇರುವ ಅಳಿವೆಯ ನೀರನ್ನು ಗಾಜಿನ ತೊಟ್ಟಿಯಲ್ಲಿ ಮಾಡಿ ನಿಲ್ಲಿಸಬೇಕು. ಮುಂದಿನ ಸೋಮವಾರ ಮೈಸೂರಿನಿಂದ ಇನ್‌ಸ್ಪೆಕ್ಷನ್ನಿಗೆ ಬರುವವರು ಅದನ್ನು ಕಂಡು ಬಾಯಿ ಬಿಡಬೇಕು. ಮೇಷ್ಟರಿಗೆ ಬೇಕಾಗಿದ್ದದ್ದು ಇಷ್ಟೇ.

"ಆ ಉಂಗುರ ತೆಗಿ," ಎಂದರು ಅವರು. "ತಾಮ್ರ ಅಲ್ವಾ? ತಾಮ್ರ, ಹಿತ್ತಾಳೆ ಈ ನೀರಿಗೆ ಬಿದ್ರೆ ವಿಷ. ವಾರದಲ್ಲಿ ಎಲ್ಲಾ ಸಾಯ್ತವೆ. ಮೊದಲು ಸಿಗಡಿ, ಆಮೇಲೆ ಏಡಿ."

ಉಷ್ಣಕ್ಕೆ ಒಳ್ಳೆಯದೆಂದು ಹಾಕಿಕೊಂಡಿದ್ದ ಉಂಗುರ. ಅದನ್ನು ಕಿತ್ತಾಗ ಬೆರಳಿನ ಸುತ್ತ ಹಸಿರು ಕಲೆ ಉಳಿಯಿತು. ಚಿಕ್ಕಬೋರಮ್ಮ ಸೊಂಟದ ಎಲೆಅಡಿಕೆ ಚೀಲದಲ್ಲಿ ಉಂಗುರ ಹಾಕಿದಳು. ಅದು ಟಣ್ಣೆಂದಿತು. ಚೀಲದೊಳಗೆ ಆಗಲೇ ಒಂದು ಹಿತ್ತಾಳೆಯ ಬಟ್ಟು ಕೂತಿತ್ತು, ತಕ್ಕಡಿಯದು, ನೂರು ಗ್ರಾಮಿನದು.

ಅದು ಕಳೆದದ್ದು ಒಂದು ತಿಂಗಳ ಹಿಂದೆ. ಮೇಷ್ಟರು ಈ ತೊಟ್ಟಿಗೆಂದೇ ಉಪ್ಪನ್ನು ತೂಗಿ ಪೊಟ್ಟಣ ಕಟ್ಟಿ, ತೊಳೆದ ಮರಳಿನ ಜೊತೆ ಟ್ರಂಕಿಗೆ ಹಾಕಿ ಬೀಗ ಜಡಿದ ದಿನ. ಸಂಜೆ ಬಟ್ಟಿನ ಪೆಟ್ಟಿಗೆಯಲ್ಲಿ ಒಂದು ಗುಂಡಿ ಖಾಲಿ ಇತ್ತು. ಲ್ಯಾಬಿನಲ್ಲಿ ಇಪ್ಪತ್ತು ಮಂದಿ ಹುಡುಗರಿದ್ದರು. ಮೇಷ್ಟರ ಕಣ್ಣು ಮಾತ್ರ ನೆಟ್ಟಗೆ ಅವಳ ಮೇಲೆ ಬಿತ್ತು. "ಸೆರಗು ಒದರು," ಎಂದರು. ಒದರಿದಳು. ಚೀಲ ಬಿಚ್ಚು ಎಂದರು. ಬಿಚ್ಚಿದಳು, ಅಡಿಕೆ ಚೂರು ಮೇಜಿನ ಮೇಲೆಲ್ಲ ಉರುಳಿದವು. ಏನೂ ಸಿಗಲಿಲ್ಲ. ಆದರೂ ಪ್ರಿನ್ಸಿಪಾಲರ ಪುಸ್ತಕದಲ್ಲಿ ಅವಳ ಹೆಸರು ಬರೆದದ್ದಾಯಿತು.

ಹುಡುಗರಲ್ಲಿ ಒಬ್ಬ ಅವಳ ಊರಿನವನೇ, ಎದುರು ಮನೆ ಬೆಳ್ಳಮ್ಮನ ಮಗ. ಅವಳಿಗಿಂತ ಮುಂಚೆ ಸುದ್ದಿ ಊರು ಸೇರಿತು. ಬೆಳ್ಳಮ್ಮನ ತಾಮ್ರದ ಚೊಂಬು ಸದಾ ಜಗುಲಿಯ ಮೇಲೆ ಇರುತ್ತಿತ್ತು. ಮಾರನೆಯ ದಿನದಿಂದ ಚಿಕ್ಕಬೋರಮ್ಮ ಬೀದಿಯ ತಿರುವಿಗೆ ಬರುವುದೇ ತಡ, ಚೊಂಬು ಒಳಗೆ ಹೋಗುತ್ತಿತ್ತು. ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳು.

ಬಟ್ಟು ಸಿಕ್ಕಿದ್ದು ನಿನ್ನೆ, ತೊಟ್ಟಿಗೆ ಜಾಗ ಮಾಡಲು ಬೆಂಚು ಸರಿಸಿದಾಗ, ಗೋಡೆಯ ಸಂದಿನಲ್ಲಿ. ರಾತ್ರಿಯೆಲ್ಲ ಯೋಚಿಸಿ, ಇವತ್ತು ಕೊಟ್ಟೇಬಿಡೋಣವೆಂದು ತಂದಿದ್ದಳು.

ಮೇಷ್ಟರು ಶಂಖದ ಚಿಪ್ಪುಗಳನ್ನು ಅವಳ ಬುಟ್ಟಿಗೆ ಹಾಕಿದರು. "ಚೆನ್ನಾಗಿ ಕುದಿಸಿ ಉಜ್ಜಿಕೊಂಡು ಬಾ. ಹನ್ನೊಂದಿವೆ. ಹನ್ನೊಂದೂ ವಾಪಸು ಬರಬೇಕು, ತಿಳೀತಾ?"

ಚೀಲದ ದಾರಕ್ಕೆ ಹೋಗಿದ್ದ ಅವಳ ಕೈ ಅಲ್ಲೇ ನಿಂತಿತು. ಈಗ ಬಟ್ಟು ತೋರಿಸಿದರೆ ಈ ಮನುಷ್ಯ ಏನನ್ನುತ್ತಾನೆಂದು ಅವಳಿಗೆ ಗೊತ್ತಾಯಿತು. ಬಚ್ಚಿಟ್ಟಿದ್ದಳು, ಹೆದರಿ ತಂದಳು ಅನ್ನುತ್ತಾನೆ.

"ಬತ್ತವೆ ಬುಡಿ ಸಾ," ಎಂದಳು.

ಮಧ್ಯಾಹ್ನ ಮೇಷ್ಟರು ಟ್ರಂಕಿನ ಬೀಗ ತೆಗೆದು, ತೋಳು ಮಡಿಚಿ, ತಾವೇ ಮರಳು ಹಾಸಿದರು. ಮದುವೆ ಮನೆಯ ಹಸೆ ಬರೆಯುವವರ ಹಾಗೆ ಹಿಂದೆ ಸರಿದು ನೋಡಿ ನೋಡಿ ಕಲ್ಲು ಜೋಡಿಸಿ, ನೀರು ತುಂಬಿ, ಮೀನು, ಸಿಗಡಿ, ಏಡಿಯನ್ನು ಬಿಟ್ಟರು. ಹುಡುಗರಿಗೆ ಹೇಳಿದರು: "ಈ ಮರಳಿಗೆ ಬೇರೆ ಯಾರ ಕೈಯೂ ತಾಗಿಲ್ಲ."

ಆ ಮಾತನ್ನು ಚಿಕ್ಕಬೋರಮ್ಮ ಜೋಪಾನವಾಗಿ ಇಟ್ಟುಕೊಂಡಳು. ಮನೆಗೆ ಹೋಗಿ, ದೀಪದ ಕಂಬ ಬೆಳಗುವ ಹಾಗೆ, ಹುಣಸೆಹಣ್ಣು ಹಾಕಿ ಬಟ್ಟನ್ನು ಉಜ್ಜಿದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಲ್ಯಾಬು ಗುಡಿಸಿ, ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ದೊಡ್ಡ ಕಲ್ಲಿನ ಹಿಂದೆ ಮರಳಿನಡಿ ಅದನ್ನು ಹೂತಳು. ಏಡಿ ತನ್ನ ಚಿಪ್ಪನ್ನು ಹೊತ್ತುಕೊಂಡು ಬಂದು ಅವಳ ಬೆರಳನ್ನು ಮುಟ್ಟಿ ನೋಡಿತು. ತಿನ್ನಲು ಏನೋ ತಂದಿದ್ದಾಳೆ ಅಂದುಕೊಂಡಿರಬೇಕು.

"ನಿಂಗೂ ನಂಗೂ ಏನೂ ಇಲ್ಲ ಕಣಪ್ಪ," ಎಂದಳು ಅವಳು. "ಇರಾದೆಲ್ಲಾ ಅವನ್ಗೂ ನಂಗೂ."

ಮೂರನೆಯ ದಿನ ಸಿಗಡಿಗಳು ಮಗುಚಿಕೊಂಡವು. ಮೀನು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು. ಮೇಷ್ಟರು ಕಲ್ಲನ್ನೆಲ್ಲ ತೆಗೆದು ಮತ್ತೆ ಆಸಿಡ್ ಹಾಕಿ ನೋಡಿದರು, ಹನ್ನೊಂದು ಚಿಪ್ಪನ್ನೂ ಒಂದೊಂದಾಗಿ ಮೂಸಿದರು, ಅರ್ಧ ನೀರು ಬದಲಿಸಿದರು. ಮರಳನ್ನು ಮಾತ್ರ ಮುಟ್ಟಲಿಲ್ಲ. ತಮ್ಮ ಕೈಯಾರೆ ತೊಳೆದು ಬೀಗ ಹಾಕಿದ್ದ ಮರಳಿನಲ್ಲಿ ದೋಷವಿರಲು ಹೇಗೆ ಸಾಧ್ಯ? ಗಡ್ಡ ಬೋಳಿಸಲಿಲ್ಲ, ತಂದ ಊಟದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಚಿಕ್ಕಬೋರಮ್ಮ ನೆಲ ಒರೆಸುತ್ತ ಎಲ್ಲವನ್ನೂ ಕಣ್ತುಂಬ ನೋಡಿದಳು. ಹೊಟ್ಟೆ ತಣ್ಣಗಾಯಿತು. ಅವಳು ಆ ವಾರ ಉಂಡ ಹಾಗೆ ಹಿಂದಿನ ಒಂದು ತಿಂಗಳಲ್ಲಿ ಉಂಡಿರಲಿಲ್ಲ.

ಒಮ್ಮೆ ಅವರು ಅವಳನ್ನೇ ಕೇಳಿದರು. "ಏನಮ್ಮ, ನೀನೇನಾದ್ರೂ ಕಂಡ್ಯಾ? ಯಾರಾದ್ರೂ ಏನಾದ್ರೂ ಹಾಕಿದ್ರಾ?"

"ನಂಗೇನ್ ಗೊತ್ತದು ಸಾ. ನಾ ಮುಟ್ಟಂಗೆ ಇಲ್ವಲ್ಲ."

ಸೋಮವಾರ ಮೈಸೂರಿನಿಂದ ಮೂವರು ಬಂದರು. ಪ್ರಿನ್ಸಿಪಾಲ್ ಯೋಗಾನರಸಿಂಹ ಅವರನ್ನು ಲ್ಯಾಬಿಗೆ ಕರೆತಂದರು. ಹುಡುಗರು ಗೋಡೆಗೆ ಒರಗಿ ನಿಂತರು, ಅದೇ ಇಪ್ಪತ್ತು ಮಂದಿ. ತೊಟ್ಟಿಯಲ್ಲಿ ಒಂದೇ ಮೀನು ಅಡ್ಡಡ್ಡ ಈಜುತ್ತಿತ್ತು. ಏಡಿ ಅಲುಗಾಡುತ್ತಿರಲಿಲ್ಲ.

"ಮರಳು ಯಾರು ಹಾಸಿದ್ದು?" ಎಂದರು ಬಂದವರಲ್ಲಿ ಹಿರಿಯರು.

"ನಾನೇ ಸಾರ್. ಬೀಗದಲ್ಲಿ ಇಟ್ಟಿದ್ದೆ. ಇನ್ನೊಬ್ಬರ ಕೈ ತಾಗಿಲ್ಲ."

ಬಕೆಟ್ಟು ಹಿಡಿದು ನಿಂತಿದ್ದ ಚಿಕ್ಕಬೋರಮ್ಮ ಮುಂದೆ ಬಂದಳು. "ಏಡಿ ಸತ್ತೋಗದೆ ಸಾ, ವಾಸ್ನೆ ಬತ್ತದೆ. ತಗುದ್ಬುಡ್ಲಾ?"

ಹಿರಿಯರು ತಲೆಯಾಡಿಸಿದರು. ಅವಳು ಸೆರಗು ಸಿಕ್ಕಿಸಿ ಕೈ ಇಳಿಸಿದಳು. ಎಡಗೈಯಲ್ಲಿ ಏಡಿ ಬಂತು. ಬಲಗೈ ಕಲ್ಲಿನ ಹಿಂದೆ ಮರಳನ್ನು ಕೆದಕಿ ಇನ್ನೊಂದನ್ನು ತಂದು ಮೇಜಿನ ಮೇಲೆ, ಎಲ್ಲರ ಕಣ್ಣೆದುರು, ಟಕ್ಕೆಂದು ಇಟ್ಟಿತು. ಹಿತ್ತಾಳೆ ಕಪ್ಪಾಗಿ, ಅಂಚಿನಲ್ಲಿ ಹಸಿರು ಕಟ್ಟಿತ್ತು.

"ಇದೇನ್ರಿ, ಅವತ್ತು ಕಳೆದ ಬಟ್ಟಲ್ವಾ?" ಎಂದರು ಯೋಗಾನರಸಿಂಹ.

"ಅದೇಯ ಸಾ," ಎಂದಳು ಚಿಕ್ಕಬೋರಮ್ಮ, ಮೇಷ್ಟರನ್ನೇ ನೋಡುತ್ತ. "ನನ್ ಸೆರ್ಗು ಒದ್ರುಸುದ್ರಲ್ಲ, ಅದೇ ಬಟ್ಟು. ನಿಮ್ ಮರಳಲ್ಲೇ ಇತ್ತು."

ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಹಿರಿಯರು ಬಟ್ಟನ್ನು ಪೆನ್ನಿನಲ್ಲಿ ಹೊರಳಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಪಕ್ಕದ ಕೋಣೆಗೆ ಹೋದರು.

ಎಲ್ಲರೂ ಹೋಗಿ, ಕೊನೆಯ ಮೀನೂ ಮಗುಚಿಕೊಂಡ ಮೇಲೆ ಅನಂತರಾಮು ಮೇಷ್ಟರು ಅವಳ ಹತ್ತಿರ ಬಂದರು. ರೇಗುತ್ತಾರೆ, ನೀನೇ ಹಾಕಿದ್ದು ಅನ್ನುತ್ತಾರೆ ಎಂದು ಅವಳು ಮಾತುಗಳನ್ನು ಮಸೆದು ಇಟ್ಟುಕೊಂಡಿದ್ದಳು.

"ಉಪ್ಪು ಕಟ್ಟುವಾಗ ನಾನೇ ಬಟ್ಟನ್ನ ಮರಳೊಳಗೆ ಹಾಕಿಬಿಟ್ಟಿರಬೇಕು ಕಣಮ್ಮ," ಎಂದರು ಅವರು. "ಎಷ್ಟು ಯೋಚನೆ ಮಾಡಿದರೂ ಜ್ಞಾಪಕ ಬರ್ತಾ ಇಲ್ಲ. ನಿನ್ನ ಮೇಲೆ ಅಪವಾದ ಹೊರಿಸಿದೆ, ಇವನ್ನೂ ಕೊಂದೆ. ತಪ್ಪಾಯ್ತು."

ಅವರ ಕಣ್ಣು ಒದ್ದೆಯಾಗಿತ್ತು. ಮಸೆದಿಟ್ಟ ಮಾತೊಂದೂ ಈಗ ಕೆಲಸಕ್ಕೆ ಬರಲಿಲ್ಲ. "ನೀರು ಚೆಲ್ಬುಡ್ಲಾ ಸಾ?" ಎಂದಷ್ಟೇ ಕೇಳಿದಳು. ಅಳಿವೆಯ ನೀರನ್ನು ಬಕೆಟ್ಟು ಬಕೆಟ್ಟಾಗಿ ಲ್ಯಾಬಿನ ಹಿಂದಿನ ಹೊಂಗೆ ಮರದ ಬುಡಕ್ಕೆ ಸುರಿದಳು. ಏಡಿಯನ್ನು ಎಸೆಯಲಾಗಲಿಲ್ಲ. ಅರ್ಧ ಹೊರಗೆ ಬಂದು ಸತ್ತಿದ್ದ ಅದನ್ನು ಚಿಪ್ಪಿನ ಸಮೇತ ಎಲೆಯಲ್ಲಿ ಸುತ್ತಿ, ಸೊಂಟದ ಚೀಲದಲ್ಲಿ, ಬಟ್ಟು ಇದ್ದ ಜಾಗದಲ್ಲಿ ಇಟ್ಟುಕೊಂಡಳು.

ಅವಳು ಊರಿಗೆ ಬರುವ ಹೊತ್ತಿಗೆ ಬೆಳ್ಳಮ್ಮನ ಮಗ ನಾಲ್ಕರ ಬಸ್ಸಿಗೇ ಬಂದಿದ್ದ. ಬೀದಿಯ ತಿರುವಿನಿಂದಲೇ ಕಂಡಿತು, ಚೊಂಬು ಜಗುಲಿಯ ಮೇಲಿತ್ತು. ಬೆಳ್ಳಮ್ಮ ಅದರ ಪಕ್ಕದಲ್ಲಿ ಕಾದು ನಿಂತಿದ್ದಳು.

"ಬಾ ಕಣಕ್ಕ, ಕೂತ್ಕೊ. ನಮ್ಮೈದ ಎಲ್ಲಾ ಏಳ್ದ. ಇಲ್ದುದ್ದು ಒರ್ಸುದ್ರಲ್ಲ, ಅವರ್ ಬಾಯ್ಗೆ ಮಣ್ಣಾಕ. ನಾನೂ ನಂಬ್ಬುಟ್ಟೆ ನೋಡು, ಮನ್ಸಿಗೆ ಇಟ್ಕಬ್ಯಾಡ. ಬಿಸ್ಲಲ್ಲಿ ಬಂದಿದ್ದೀಯೆ, ನೀರ್ ಕುಡಿ."

ತುಂಬಿದ ಚೊಂಬನ್ನು ಅವಳೇ ಎತ್ತಿ ಕೊಟ್ಟಳು. ಚಿಕ್ಕಬೋರಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಚೊಂಬಿನ ಕಂಠದ ಸುತ್ತ, ಹುಣಸೆಹಣ್ಣು ತಾಗದ ಕಡೆ, ಬಟ್ಟಿನ ಅಂಚಿನಲ್ಲಿದ್ದ ಅದೇ ಹಸಿರು ಸಣ್ಣಗೆ ಕಟ್ಟಿತ್ತು.

"ಯಾಕಕ್ಕ, ಕುಡಿ," ಎಂದಳು ಬೆಳ್ಳಮ್ಮ.

ಅವಳು ಚೊಂಬನ್ನು ಮೇಲೆತ್ತಿ, ಕಣ್ಣು ಮುಚ್ಚಿ, ತಳ ಕಾಣುವವರೆಗೂ ಕುಡಿದಳು.