ಸೇತುವೆಯಾಚೆಯ ವೃತ್ತ

ಆಕ್ಸ್‌ಫರ್ಡನ್ನು ಪರವೂರಿನವರಿಗೆ ತೋರಿಸುತ್ತ ತೋರಿಸುತ್ತಲೇ ಗ್ಲೆನಿಸ್ ಹ್ಯಾದರ್ಲಿಯ ತಲೆ ನರೆತಿತ್ತು. ಬ್ರಾಡ್ ಸ್ಟ್ರೀಟಿನ ಮೂಲೆಯಲ್ಲಿ ಹಸಿರು ಕೊಡೆ ಎತ್ತಿ ಹಿಡಿದು ನಿಂತಳೆಂದರೆ ನೋಡಬಂದವರು ಕೋಳಿಮರಿಗಳಂತೆ ಸುತ್ತ ಸೇರುತ್ತಿದ್ದರು. ಮಗ ಎಮ್ರಿಸ್ ಸತ್ತ ಮೇಲೆ ಬಹಳ ದಿನ ಅವಳು ಹೊಸಲು ದಾಟಲಿಲ್ಲ. ಕೊನೆಗೆ ಮನೆಯ ಗೋಡೆಗಳೇ ಮೈಮೇಲೆ ಬರತೊಡಗಿದಾಗ ಮತ್ತೆ ಕೊಡೆ ಹಿಡಿದು ಹೊರಟಳು. ಆದರೆ ಮೊದಲಿನ ಹಾಗೆ ಮಾಡ್ಲಿನ್ ಸೇತುವೆಯವರೆಗೆ ಹೋಗುತ್ತಿರಲಿಲ್ಲ. ಹೈ ಸ್ಟ್ರೀಟಿನ ನಡುವೆ, ಸೇಂಟ್ ಮೇರಿ ಚರ್ಚಿನ ಹತ್ತಿರವೇ ಸುತ್ತು ಮುಗಿಸಿಬಿಡುತ್ತಿದ್ದಳು.

ಸೇತುವೆ ದಾಟಿದರೆ ರಸ್ತೆಗಳು ಕೂಡುವ ವೃತ್ತ. ಎರಡು ವರ್ಷದ ಹಿಂದೆ, ಮಂಜು ಕವಿದ ಒಂದು ಬೆಳಗಿನ ಜಾವ, ಎಮ್ರಿಸ್‌ನ ಸೈಕಲ್ಲು ಲಾರಿಯ ಚಕ್ರಕ್ಕೆ ಸಿಕ್ಕಿದ್ದು ಅಲ್ಲಿ. ಕಾಲೇಜೊಂದರ ಅಡುಗೆಮನೆಯಲ್ಲಿ ಬ್ರೆಡ್ಡು ಸುಡುವ ಕೆಲಸ ಅವನದು. ಕೌಲಿ ರಸ್ತೆಯ ಬಾಡಿಗೆ ಕೋಣೆಯಿಂದ ಅಲ್ಲಿಗೇ ಹೊರಟಿದ್ದ.

"ಕಣ್ಣು ಮಿಟುಕಿಸೋದ್ರೊಳಗೆ ಮುಗಿದು ಹೋಗಿತ್ತಂತೆ ಗ್ಲೆನ್. ಅವನಿಗೆ ಏನೂ ಗೊತ್ತಾಗಿಲ್ಲ," ಎಂದು ಗಂಡ ನಾರ್ಮನ್ ಹೇಳಿದ್ದ. ವಿಚಾರಣೆ ನಡೆದ ದಿನ, "ನೀನು ಬರಬೇಡ. ಆ ಮಾತೆಲ್ಲ ಕೇಳೋಕೆ ನಾನೊಬ್ಬನೇ ಸಾಕು," ಎಂದು ಕಪ್ಪು ಕೋಟು ಹಾಕಿಕೊಂಡು ಹೋಗಿ ಬಂದಿದ್ದ. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ, ಚಾಲಕನ ತಪ್ಪಿಲ್ಲ ಎಂದು ತೀರ್ಮಾನವಾಗಿತ್ತು. ಮಗನಿಗೆ ಏನೂ ಗೊತ್ತಾಗಿಲ್ಲ ಎಂಬ ಆ ಒಂದು ಮಾತನ್ನು ಊರುಗೋಲು ಮಾಡಿಕೊಂಡೇ ಅವಳು ಇಷ್ಟು ದಿನ ನಡೆದಿದ್ದಳು.

ಆ ನವೆಂಬರ್ ಬೆಳಿಗ್ಗೆ ಬಂದಿದ್ದವರು ಕೆಲವೇ ಜನ. ಲೀಡ್ಸ್ ಕಡೆಯ ಗಂಡ ಹೆಂಡತಿ, ಡೆನ್ಮಾರ್ಕಿನ ಹುಡುಗಿಯರು, ಜೊತೆಗೆ ಯಾರ ಗುಂಪಿಗೂ ಸೇರದ ಒಬ್ಬ ದಪ್ಪ ಆಳು. ಬೂದು ಜಾಕೆಟ್ಟು ತೊಟ್ಟಿದ್ದ. ಹೆಸರು ಕೇಳಿದರೆ "ಟೆರಿ" ಎಂದ. ಮಾತಿನ ರಾಗ ಡಡ್ಲಿ ಕಡೆಯದು.

ಲೀಡ್ಸ್‌ನವನು ನಕ್ಷೆ ಬಿಚ್ಚಿ, "ಈ ಮ್ಯಾಗ್ಡಲೆನ್ ಕಾಲೇಜು ಎಲ್ಲಿ ಬರುತ್ತೆ?" ಎಂದ.

"ಹಾಗನ್ನಬೇಡಿ ಸ್ವಾಮಿ, ಊರಾಚೆ ದಬ್ಬಿಬಿಡ್ತಾರೆ. ಮಾಡ್ಲಿನ್ ಅನ್ಬೇಕು. ಬರೆಯೋದೇ ಒಂದು, ಓದೋದೇ ಇನ್ನೊಂದು. ಇಲ್ಲಿ ಓದಿದವರೆಲ್ಲ ಹಾಗೇ," ಎಂದಳು ಗ್ಲೆನಿಸ್.

"ನೋಡಿದ್ರಾ? ನಕ್ಷೆ ಹಿಡ್ಕೊಂಡ ಮಾತ್ರಕ್ಕೆ ಜಾಣರಾಗಲ್ಲ," ಎಂದು ಅವನ ಹೆಂಡತಿ ತಿವಿದಳು. ಎಲ್ಲರೂ ನಕ್ಕರು. ಟೆರಿ ನಗಲಿಲ್ಲ.

ರಸ್ತೆಯ ಮಧ್ಯೆ ಕಲ್ಲು ಹಾಸಿ ಮಾಡಿದ ಶಿಲುಬೆಯ ಗುರುತಿನ ಹತ್ತಿರ ಅವಳು ನಿಂತಳು. ಮತದ ಜಗಳದಲ್ಲಿ ಇಬ್ಬರು ಬಿಷಪ್ಪರನ್ನು ಜೀವಂತ ಸುಟ್ಟ ಜಾಗ ಅದು.

"ಬೇಗ ಪ್ರಾಣ ಹೋಯ್ತಾ?" ಎಂದು ಡೆನ್ಮಾರ್ಕಿನ ಹುಡುಗಿಯೊಬ್ಬಳು ಕೇಳಿದಳು.

"ಒಬ್ಬನದು ಬೇಗ ಹೋಯ್ತು. ಇನ್ನೊಬ್ಬನ ಕಡೆ ಬೆಂಕಿ ಸರಿಯಾಗಿ ಹತ್ತಲಿಲ್ಲ. ಬಹಳ ಹೊತ್ತು ಕೂಗ್ತಿದ್ದನಂತೆ."

ಸಾವಿರ ಸಲ ಹೇಳಿದ ಮಾತು, ಸಲೀಸಾಗಿ ಬಾಯಿಂದ ಬಂತು. ತಿರುಗಿ ನೋಡಿದರೆ ಟೆರಿ ಎದುರಿನ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ಸುಣ್ಣ ಬಳಿದಂತಿತ್ತು.

"ಆರಾಮಾಗಿದ್ದೀರಾ?"

"ಏನಿಲ್ಲಮ್ಮಾ. ತಿಂಡಿ ತಿಂದಿರಲಿಲ್ಲ, ಅಷ್ಟೇ."

ಗ್ರಂಥಾಲಯದ ಅಂಗಳ, ದುಂಡು ಗುಮ್ಮಟ, ಎರಡು ಕಟ್ಟಡಗಳನ್ನು ಮೇಲಿನಿಂದ ಕೂಡಿಸುವ ನಿಟ್ಟುಸಿರಿನ ಸೇತುವೆ ಎಲ್ಲ ಮುಗಿದವು. ಸೇಂಟ್ ಮೇರಿಯ ಬಾಗಿಲಲ್ಲಿ ಗ್ಲೆನಿಸ್ ಎಲ್ಲರಿಗೂ ವಂದನೆ ಹೇಳಿದಳು. ಗುಂಪು ಚದುರಿತು. ಟೆರಿ ಮಾತ್ರ ಉಳಿದ.

"ಗೋಪುರ ಹತ್ತಬೇಕು ಅಂತಿದ್ದೀನಿ. ನೀವೂ ಬರ್ತೀರಾ? ಮೇಲೆ ನಿಂತು ಯಾವುದು ಎಲ್ಲಿದೆ ಅಂತ ತೋರಿಸಿದ್ರೆ ಸಾಕು."

ಅವನ ದನಿಯಲ್ಲಿ ಏನೋ ಬೇಡಿಕೆ ಇತ್ತು. ಗ್ಲೆನಿಸ್‌ಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸವೆದ ಕಲ್ಲಿನ ಸುರುಳಿ ಮೆಟ್ಟಿಲಲ್ಲಿ ಅವನು ಏದುಸಿರು ಬಿಡುತ್ತ ಮುಂದೆ, ಅವಳು ಹಿಂದೆ. ಮೇಲೆ ಒಬ್ಬರು ಸರಿದರೆ ಮಾತ್ರ ಇನ್ನೊಬ್ಬರಿಗೆ ದಾರಿ, ಅಷ್ಟು ಇಕ್ಕಟ್ಟು. ಕೆಳಗೆ ಶಿಖರಗಳು, ಹೊಗೆಗೂಡುಗಳು, ಒದ್ದೆಯಾದ ಹುಲ್ಲಿನ ಅಂಗಳಗಳು ಹರಡಿಕೊಂಡಿದ್ದವು.

"ಮಾಡ್ಲಿನ್ ಸೇತುವೆ ಎಲ್ಲಿದೆ?" ಎಂದ ಟೆರಿ.

ಅವಳು ಆ ಕಡೆ ನೋಡದೆಯೇ ಕೈ ತೋರಿಸಿದಳು.

"ನಾನು ಟೆರೆನ್ಸ್ ಸ್ಕೆಲ್ಡಿಂಗ್, ಮಿಸೆಸ್ ಹ್ಯಾದರ್ಲಿ."

ಲಾರಿ ಚಾಲಕನದೆಂದು ಆ ಹೆಸರು ಪತ್ರಿಕೆಯಲ್ಲಿ ಬಂದಿತ್ತು. ಅವಳಿಗೆ ಗೊತ್ತಿತ್ತು. ಮುಖ ಮಾತ್ರ ಈಗ ಕಂಡಿತು. ಬಿರಿದ ತುಟಿ, ನೀರು ತುಂಬಿದ ಸಣ್ಣ ಕಣ್ಣು. ಅವನ ಹಿಂದೆ ಕಲ್ಲಿನ ತಡೆಗೋಡೆ ಅವನ ಸೊಂಟಕ್ಕಿಂತ ಸ್ವಲ್ಪವೇ ಎತ್ತರವಿತ್ತು. ಎದೆಗೆ ಎರಡೂ ಕೈ ಕೊಟ್ಟು ತಳ್ಳಿದರೆ ಆಯಿತು ಎಂದು ಅವಳಿಗೆ ಅನ್ನಿಸಿತು. ಹಾಗನ್ನಿಸಿದ್ದು ತಪ್ಪು ಅಂತಲೂ ಅನ್ನಿಸಲಿಲ್ಲ.

"ಯಾಕೆ ಬಂದ್ರಿ?"

"ಕ್ಷಮೆ ಕೇಳೋಕೆ ಬಂದಿಲ್ಲ ಕಣಮ್ಮಾ. ಕೇಳೋಕೆ ನನಗೆ ಮುಖ ಇಲ್ಲ. ಆಮೇಲೆ ನಾನು ಲಾರಿ ಮುಟ್ಟಿಲ್ಲ. ರಾತ್ರಿ ಹಗಲು ಆ ಹುಡುಗನ ಕೈ ನನ್ನ ಕೈಯಲ್ಲಿದ್ದ ಹಾಗೇ ಇರುತ್ತೆ. ಒಬ್ಬನೇ ಸಾಯಲಿಲ್ಲ ಅವನು, ಪಕ್ಕದಲ್ಲಿ ನಾನಿದ್ದೆ. ಅದನ್ನು ನಿಮಗೆ ಹೇಳಬೇಕು ಅನ್ನಿಸ್ತು."

"ಅವನು ತಕ್ಷಣ ಹೋದ," ಎಂದಳು ಗ್ಲೆನಿಸ್.

ಟೆರಿ ಗಲಿಬಿಲಿಗೊಂಡ. "ಆದ್ರೆ... ಫೋನು?"

"ಯಾವ ಫೋನು?"

"ನಾನು ಲಾರಿ ಕೆಳಗೆ ತೆವಳಿ ಹೋಗಿ ಅವನ ಪಕ್ಕ ಮಲಗಿದ್ದೆ. ಆಂಬುಲೆನ್ಸಿಗೆ ಹೇಳಿ ಆಗಿತ್ತು. ಅಮ್ಮನ ಹತ್ರ ಮಾತಾಡಬೇಕು ಅಂದ. ನಂಬರು ಅವನೇ ಹೇಳಿದ. ನನ್ನ ಫೋನಿಂದ ಮಾಡಿ ಅವನ ಕಿವಿಗೆ ಹಿಡಿದೆ. ಯಾರೋ ಗಂಡಸರು ಎತ್ತಿದ್ರು... ನಿಮ್ಮ ಯಜಮಾನರು ಹೇಳಿಲ್ವಾ ತಾಯಿ?"

ಗಾಳಿ ಬೀಸಿತು. ಕೆಳಗೆ ಯಾವುದೋ ಬಸ್ಸು ನಿಂತು ಹೊರಟಿತು. ಗ್ಲೆನಿಸ್ ಗೋಡೆ ಹಿಡಿದುಕೊಂಡಳು. ಅವಳ ಮುಖ ನೋಡಿಯೇ ಟೆರಿಗೆ ತಾನು ಮಾಡಿದ್ದೇನೆಂದು ಅರ್ಥವಾಯಿತು.

"ಅಯ್ಯೋ ದೇವರೇ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ನೀವು ಇಳೀರಿ. ಮೊದಲು ನೀವು ಇಳೀರಿ. ನನ್ನ ಕೈಯಲ್ಲಿ ಏನಾದ್ರೂ ಆಗೋದಕ್ಕೆ ಮುಂಚೆ ಇಳೀರಿ."

ಅವನು ಗೋಡೆ ತಡವುತ್ತ ಇಳಿದು ಹೋದ. ಮತ್ತೆ ಅವನನ್ನು ಅವಳು ನೋಡಲಿಲ್ಲ.

ಊರಂಚಿನ ಬಾಟ್ಲಿ ಬಡಾವಣೆಯ ಮನೆಗೆ ಬಂದಾಗ ನಾರ್ಮನ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಸುಮ್ಮನೆ ಕೂರಲಾರ. "ಇಷ್ಟು ಬೇಗ ಬಂದ್ಯಾ? ಚಳಿಗೆ ಹೆದರಿ ಗಿರಾಕಿಗಳು ಓಡಿಹೋದ್ರಾ?" ಎಂದು ನಕ್ಕ.

ಅವಳು ಕೋಟು ಬಿಚ್ಚಲಿಲ್ಲ. "ಎಮ್ರಿಸ್ ಫೋನ್ ಮಾಡಿದ್ದನಾ?"

ಚಾಕು ನಿಂತಿತು. ಇಲ್ಲವೆಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದ.

"ಯಾರು ಹೇಳಿದ್ರು?"

"ಯಾರಾದ್ರೂ ಹೇಳಲಿ. ಪೊಲೀಸರು ಫೋನ್ ಮಾಡಿದ್ರು ಅಂತ ನನ್ನ ಎಬ್ಬಿಸಿದೆ. ನನ್ನ ಮಗ ನನ್ನ ಕೇಳಿದ. ನಾನು ಮಹಡಿ ಮೇಲೆ ಮಲಗಿದ್ದೆ. ಎಬ್ಬಿಸೋಕೆ ನಿನಗೇನಾಗಿತ್ತು ಧಾಡಿ?"

"ಹೇಗೆ ಎಬ್ಬಿಸಲಿ?" ಎಂದ ನಾರ್ಮನ್. "ಹಜಾರದ ಫೋನು ಅದು, ವೈರು ಮೆಟ್ಟಿಲಿಗೂ ಮುಟ್ಟಲ್ಲ. ಕೆಳಗಿಟ್ಟು ಮೇಲೆ ಬಂದ್ರೆ, ಅಷ್ಟರಲ್ಲಿ ಅವನು ಹೋಗಿಬಿಟ್ರೆ? ಕೂಗಿದ್ರೆ ನಾನು ಹೆದರಿದ್ದೀನಿ ಅಂತ ಅವನಿಗೆ ಗೊತ್ತಾಗ್ತಿತ್ತು. ಅಮ್ಮ ಎಲ್ಲಿ ಅಂದ. ಶೂ ಹಾಕ್ಕೊಂಡಳು, ಹೊರಟೇಬಿಟ್ಟಳು, ಈಗ ಬರ್ತಾಳೆ ಅಂದೆ."

"ಅವನು ಏನಂದ?"

"ಬರಲಿ, ಆದ್ರೆ ಹತ್ತಿರ ಬಂದು ನೋಡೋದು ಬೇಡ ಅನ್ನು ಅಂದ. ಆಮೇಲೆ ಮತ್ತೆ ಅಮ್ಮ ಎಲ್ಲಿ ಅಂದ. ಸೇತುವೆ ಹತ್ರ ಬಂದಳು ಅಂದೆ. ಆಮೇಲೆ ಆ ಲಾರಿಯವನು ಅಳೋದು ಕೇಳಿಸ್ತು, ಅಷ್ಟೇ."

ಗ್ಲೆನಿಸ್ ಸುಲಿದ ಆಲೂಗಡ್ಡೆಯ ಪಾತ್ರೆಯನ್ನು ಎತ್ತಿ ನೆಲಕ್ಕೆ ಬಡಿದಳು. ನೀರು ಗೋಡೆಯವರೆಗೂ ಚಿಮ್ಮಿತು.

"ಅವನ ಕೊನೇ ಮಾತು ನೀನೊಬ್ಬನೇ ನುಂಗಿ ಕೂತೆ. ನನ್ನ ಪಾಲೂ ನುಂಗಿದೆ."

"ಅದರಲ್ಲಿ ನುಂಗೋ ಅಂಥದ್ದು ಏನಿತ್ತು ಗ್ಲೆನ್? ವಿಷ ಅದು."

"ವಿಷ ಆದ್ರೂ ನಂದು."

ಅವತ್ತು ಅವಳು ಎಮ್ರಿಸ್‌ನ ಹಳೆಯ ಕೋಣೆಯಲ್ಲಿ ಮಲಗಿದಳು. ಮಾರನೇ ದಿನವೂ. ಕೊಡೆ ಹಿಡಿಯುವ ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸಿದಳು. ಚಳಿಗಾಲ ಪೂರ್ತಿ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಬಾಡಿಗೆಗಿದ್ದವರಂತೆ ಬದುಕಿದರು. ಹಾಲು ಮುಗಿದಿದೆ, ಹೀಟರು ಕೆಟ್ಟಿದೆ, ಇಷ್ಟೇ ಮಾತು. ಕ್ರಿಸ್‌ಮಸ್ಸಿಗೆ ಅವಳು ಸ್ವಾನ್ಸಿಯಲ್ಲಿದ್ದ ಅಕ್ಕನ ಮನೆಗೆ ಹೋದಳು. ನಾರ್ಮನ್ ಡಬ್ಬಿಯ ಸೂಪು ಬಿಸಿಮಾಡಿಕೊಂಡು ಕುಡಿದ. ಅವಳು ಹಿಂತಿರುಗುವ ಹೊತ್ತಿಗೆ ಅವನ ಕೆನ್ನೆ ಒಳಕ್ಕೆ ಹೋಗಿತ್ತು. ಅದನ್ನು ಕಂಡೂ ಅವಳು ಏನೂ ಕೇಳಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಅವನು ಚಹಾ ತಂದಿಟ್ಟು ಎಂದಿನಂತೆ ತಿರುಗಿ ಹೊರಟ.

"ಕೂತ್ಕೋ," ಎಂದಳು ಗ್ಲೆನಿಸ್. "ಫೋನು ಬಡ್ಕೊಂಡಾಗಿನಿಂದ ಹೇಳು. ಅವನು ಹೇಳಿದ ಹಾಗೇ ಹೇಳು. ನೀನು ಒಂದಕ್ಷರ ಸೇರಿಸಬೇಡ, ಒಂದಕ್ಷರ ಬಿಡಬೇಡ."

ನಾರ್ಮನ್ ಕೂತ. ಚಹಾ ಆರಿಹೋಗುವವರೆಗೂ ಹೇಳಿದ. ಮಗ ಎಲ್ಲಿ ತಡೆದ, ಎಲ್ಲಿ ಕೆಮ್ಮಿದ, "ಅಪ್ಪಾ" ಎನ್ನುವಾಗ ಚಿಕ್ಕಂದಿನ ದನಿ ಹೇಗೆ ಬಂತು, ಎಲ್ಲ ಹೇಳಿದ. ಗ್ಲೆನಿಸ್ ಅವನ ಬಾಯಿಯನ್ನೇ ನೋಡುತ್ತ ಕೇಳಿದಳು. ಮುಗಿದ ಮೇಲೆ ಇಬ್ಬರೂ ಅಳಲಿಲ್ಲ, ಮುಟ್ಟಿಕೊಳ್ಳಲಿಲ್ಲ.

ವಾರ ಕಳೆದ ಮೇಲೆ ಅವಳು ಮತ್ತೆ, "ಹೇಳು," ಎಂದಳು. ಅವನು ಮತ್ತೆ ಹೇಳಿದ.