ಎಣ್ಣೆ ಹಚ್ಚಿದ ಹೆರಳು

ಕೊಬ್ಬರಿ ಎಣ್ಣೆಯ ವಾಸನೆ, ಇಷ್ಟೊಂದು ಎಣ್ಣೆ ಯಾರ ತಲೆಗಪ್ಪಾ ಅಂತ ತಿರುಗಿದರೆ ನಮ್ಮ ಶಿವಲಿಂಗವ್ವ, ಮೂರನೇ ಇಯತ್ತೆಯ ಹುಡುಗಿ, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಹಣೆಗೆ ಇಳಿದ ಎಣ್ಣೆ ಬಿಸಿಲಿಗೆ ಮಿಂಚುತ್ತಿದೆ, ಬಿಗಿಯಾಗಿ ಮಡಚಿ ಕಟ್ಟಿದ ಎರಡು ಹೆರಳು, ಕಿವಿಯ ಪಕ್ಕ ಕೆಂಪು ರಿಬ್ಬನ್ನು — ಹುಬ್ಬಳ್ಳಿಯಿಂದ ದೊಡ್ಡ ಮಂದಿ ಬರ್ತಾರಂತ, ಪಾಟಿಚೀಲ ಕೊಡ್ತಾರಂತ, ಕೆದರಿದ ತಲಿಲೆ ಹೆಂಗ ಕಳಸಲ್ರೀ ಅಕ್ಕೋರ, ಅಂದಿದ್ದಳು ನಿನ್ನೆ ಇವಳ ಅವ್ವ ಫಕೀರವ್ವ, ಬೀಗರು ಬರುವವರೇನೋ ಅನ್ನುವ ಸಡಗರ, ನಮ್ಮೂರು ಹೆಬ್ಬಳ್ಳಿಯಲ್ಲಿ ಹಾಗೇ, ಬರುವವರಿದ್ದರೆ ಮನೆಗೆ ಸಾರಣೆ, ಮಕ್ಕಳ ತಲೆಗೆ ಎಣ್ಣೆ, ಈಗ ಅದೇ ತಪ್ಪಾಗಿ ಕೂತಿದೆ, ಬಡವರಾಕಿ ಹಂಗ ಕಾಣವಲ್ಲಳಲ್ರೀ ಟೀಚರ್, ಹೆರಳ ಬಿಚ್ಚರಿ, ಫೋಟೋ ಪೇಪರ್‌ನ್ಯಾಗ ಬರೂದೈತಿ, ಸಿನಿಮಾದಾಗ ಆ ಕೂಸು ಹೆಂಗಿತ್ತು, ನೆನಪೈತಿಲ್ಲೋ? — ದಾಕ್ಷಾಯಿಣಿಯವರು, ದೇಶಪಾಂಡೆ ನಗರದ ಮಹಿಳಾ ಮಂಡಳದ ಅಧ್ಯಕ್ಷೆ, ದನಿ ಎಷ್ಟು ಮೆತ್ತಗೆ, ಥೂ, ಜೋರಾಗಿಯಾದರೂ ಹೇಳಬಾರದೇ. ನೆನಪಿಲ್ಲದೆ ಏನು, ಹೋದ ಭಾನುವಾರ ನನಗೂ ಅವರೇ ಟಿಕೀಟು ಕೊಡಿಸಿದ್ದು, ಪರದೆಯ ಮೇಲೆ ಕೆದರಿದ ತಲೆಯ ಕೂಸು ಕಸದ ತೊಟ್ಟಿಗೆ ಕೈ ಹಾಕಿದ್ದೇ ತಡ ಬಾಲ್ಕನಿ ತುಂಬ ಮೂಗು ಸೀಟುವ ಸದ್ದು, ನಾನೂ ಅತ್ತೆ, ಇಂಟರ್ವಲ್ಲಿನಲ್ಲಿ ಕಣ್ಣೊರೆಸಿದ ಸೆರಗಿಗೇ ಮಿರ್ಚಿ ಭಜಿಯ ಎಣ್ಣೆ ಒರೆಸಿಕೊಂಡೆ, ಎಂಥಾ ರುಚಿ ಇತ್ತು ಆ ಭಜಿಗೆ, ಅತ್ತ ಮೇಲೆ ಹಸಿವು ಚಲೋ ಆಗುತ್ತದೆ ಕಾಣುತ್ತದೆ, ಇಂಥಾ ಮಕ್ಕಳಿಗೆ ಏನಾರ ಮಾಡಬೇಕ ನೋಡ್ರಿ, ಅಂದರು ಅವರು, ನಮ್ಮ ಹಳ್ಳಿ ಶಾಲಿಗೆ ಬರ್ರಿ, ಅಂದೆ ನಾನು, ಕರೆದವಳು ನಾನೇ.

ಮಾಡಬೇಕು ಅನ್ನುವುದೇನೋ ಖರೆ, ಈ ಹುಡುಗಿ ಪುಸ್ತಕ ತರುವುದು ಗೊಬ್ಬರದ ಚೀಲ ಕತ್ತರಿಸಿ ಹೊಲಿದದ್ದರಲ್ಲಿ, ಹೊಲಿಗೆಯಿಂದ ಪೆನ್ಸಿಲ್ಲು ಉದುರುತ್ತದೆ, ಆದರೆ ಇವರಿಗೆ ಟಾಕೀಸಿನಲ್ಲಿ ಕಂಡ ಬಡತನವೇ ಬೇಕು, ಸೀರೆಗೆ ತಕ್ಕ ಬ್ಲೌಜ್ ಪೀಸು ಕೇಳುವ ಹಾಗೆ, ಅಂಚು ಒಂಚೂರೂ ಬೇರೆ ಆಗಬಾರದು — ಬಿಚ್ಚಿಬಿಡ್ರಿ ಟೀಚರ್, ಎರಡ ನಿಮಿಷದ ಮಾತು, ಹೆಡ್‌ಮಾಸ್ತರು ಗುರುಶಿದ್ದಪ್ಪನವರು ಕಿವಿಯ ಹತ್ತಿರ ಬಂದು, ಅವರು ಸಿಟ್ಟಾಗಿ ಪಾಟಿಚೀಲ ಹೊಳ್ಳಿ ಒಯ್ದರ ಏನ ಮಾಡ್ತೀರಿ? ಒಯ್ಯಲಿ, ಅನ್ನಬೇಕು, ಅಂದೇಬಿಡುತ್ತೇನೆ, ಗೇಟಿನ ಆಚೆ ಫಕೀರವ್ವ ನಿಂತಿದ್ದಾಳೆ, ಮಗಳ ಫೋಟೋ ತೆಗೆಯುವುದನ್ನು ನೋಡಲು ಕೂಲಿ ಬಿಟ್ಟು ಬಂದಿದ್ದಾಳೆ, ತಲಿ ಬಿಚ್ಚಿ ಕುಂದ್ರೂದು ಹೆಣಾ ಇದ್ದ ಮನ್ಯಾಗರೀ ಅಕ್ಕೋರ, ಅನ್ನುವವಳು, ಅವಳ ಕಣ್ಣೆದುರಿಗೆ ನನ್ನ ಕೈಯಿಂದ — ಆದರೆ ಹುಡುಗಿಯ ಕಣ್ಣು ನನ್ನ ಮೇಲಿಲ್ಲ, ಮೇಜಿನ ಮೇಲಿನ ನೀಲಿ ಪಾಟಿಚೀಲದ ಮೇಲಿದೆ, ನಾನು ಆಗುವುದಿಲ್ಲ ಅಂದರೆ ನನ್ನ ಮಾನ ಉಳಿಯುತ್ತದೆ, ಅವಳ ಚೀಲ ಹೋಗುತ್ತದೆ, ಆದರೂ ಬಾಯಿ ತೆರೆದೆ, ಅಷ್ಟರಲ್ಲಿ, ನಾನ ಬಿಚ್ಚತೇನ್ರಿ ಅಕ್ಕೋರ, ಅಂದಳು ಶಿವಲಿಂಗವ್ವ, ಗಂಟು ಬಿಗಿ, ಉಗುರಿನಿಂದ ಕೆರೆದು ಕೆರೆದು ಎಳೆದಳು, ರಿಬ್ಬನ್ನು ಸುತ್ತಿ ನನ್ನ ಅಂಗೈಗೆ ಇಟ್ಟಳು, ಹಿಡೀರಿ, ಮಣ್ಣಾಗತೈತಿ, ಆಮೇಲೆ ಎರಡೂ ಕೈಯಿಂದ ತಲೆ ಕೆದರಿಕೊಳ್ಳತೊಡಗಿದಳು, ಕೂದಲು ಕೆದರುವುದಿಲ್ಲ, ಅವ್ವ ಹಚ್ಚಿದ ಎಣ್ಣೆ, ಅಂಟಿಕೊಂಡೇ ಇದೆ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ, ಹಾಂ, ಈಗ ನೋಡ್ರಿ ಎಷ್ಟ ಚಲೋ ಬಂತು, ದಾಕ್ಷಾಯಿಣಿಯವರ ಅದೇ ಮೆತ್ತನೆ ದನಿ, ಕ್ಯಾಮೆರಾ ಫಳ್ ಅಂತು, ಗೇಟಿನ ಆಚೆ ಈಗ ಯಾರೂ ಇಲ್ಲ, ಕೈ ಜಿಡ್ಡು, ಜಿಡ್ಡು, ಮುಷ್ಟಿ ಬಿಚ್ಚಿದರೆ ಕೆಂಪು ರಿಬ್ಬನ್ನು, ಫಕೀರವ್ವ ಬಿಗಿದ ಗಂಟಿನ ಮಡಿಕೆ ಅದರಲ್ಲಿ ಹಾಗೇ ಇದೆ, ಮತ್ತೆ ಮುಚ್ಚುತ್ತೇನೆ, ಮತ್ತೆ ಬಿಚ್ಚುತ್ತೇನೆ, ಕೆಂಪು ರಿಬ್ಬನ್ನು, ಆ ಮಡಿಕೆ