ಯಾರ ಕಣ್ಣಿಗೂ ಬೀಳದ ಬಣ್ಣ

ಬಾನೆಟ್ಟಿನ ಮೇಲೆ ಹಾಸಿದ ಬೂದಿ ಬಣ್ಣದ ಅಂಟು ಫಿಲ್ಮಿಗೆ ಬಿಸಿಗಾಳಿ ಹಿಡಿದು, ಅದು ಮೆತ್ತಗಾದಂತೆಲ್ಲ ರಬ್ಬರ್ ಪಟ್ಟಿಯಿಂದ ಅಡಿಯ ನೀರನ್ನು ಅಂಚಿಗೆ ನೂಕುತ್ತಿದ್ದ ಅಣ್ಣ. ಪುಟ್ಟ ಕಾರಿನ ನಿಂಬೆಹಳದಿ ಅಂಗುಲ ಅಂಗುಲವಾಗಿ ಮರೆಯಾಗುತ್ತಿತ್ತು.

ಕಾರು ತಂಗಿಯದು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ಎಲ್ಲಿಗೆ ಹೋದರೂ ಗಂಡ ರಸ್ತೆಯ ಎದುರು ಬದಿಯಲ್ಲಿ ನಿಂತಿರುತ್ತಿದ್ದ. ಬೈಯುವುದಿಲ್ಲ, ಹತ್ತಿರ ಬರುವುದಿಲ್ಲ, ಸುಮ್ಮನೆ ನಿಲ್ಲುವುದು. ಮದುವೆಯ ಹೊಸತರಲ್ಲಿ ಆ ಹಳದಿಯನ್ನು ಆರಿಸಿದವನೂ ಅವನೇ. ನಂಬರ್ ಓದಲು ಹತ್ತಿರ ಬರಬೇಕು, ಈ ಬಣ್ಣವಾದರೋ ಮೈಲಿ ದೂರಕ್ಕೂ ಕೂಗಿ ಹೇಳುತ್ತದೆ ಎಂದಿದ್ದಳು ತಂಗಿ.

"ಯಾರ ಕಣ್ಣಿಗೂ ಬೀಳದ ಬಣ್ಣ ಹಾಕು, ಅಣ್ಣಾ. ಆಮೇಲೆ ಎಲ್ಲಾದ್ರೂ ದೂರ ಹೋಗ್ತೀನಿ."

ಅಣ್ಣ ಒಪ್ಪಿದ, ಆದರೆ ಪೂರ್ತಿ ನಂಬಿರಲಿಲ್ಲ. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ ಎನ್ನುವವನು ಅವನು. ಅದಕ್ಕೇ ಬೆಳಿಗ್ಗೆ ಅವಳಿಗೆ ತಿಳಿಸದೆ ಅವಳ ಗಂಡನಿಗೆ ಫೋನ್ ಮಾಡಿ, ನನ್ನ ಮಳಿಗೆಗೆ ಬನ್ನಿ, ಕೂತು ಮಾತಾಡಿ ಬಗೆಹರಿಸಿಕೊಳ್ಳೋಣ ಎಂದಿದ್ದ.

ಮಧ್ಯಾಹ್ನ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಹಸನ್ಮುಖ. ಹೆಂಡತಿ ಎಲ್ಲಿ ಎಂದು ಕೇಳಲಿಲ್ಲ. ಅವಳು ಒಳಕೋಣೆಯಲ್ಲಿ, ಫಿಲ್ಮ್ ಸುರುಳಿಗಳ ನಡುವೆ ಅಡಗಿ ಕೂತಿದ್ದಳು. ಬಂದವನು ಅಂಗಿಯ ತೋಳು ಮಡಚಿ, ಕಾರಿನ ನೆತ್ತಿಗೆ ಹಾಸಬೇಕಿದ್ದ ಹಾಳೆಯ ಇನ್ನೊಂದು ತುದಿ ಹಿಡಿದ. ಎರಡಾಳಿನ ಕೆಲಸ, ಬೇಡವೆನ್ನಲು ಅಣ್ಣನಿಗೆ ಬಾಯಿ ಬರಲಿಲ್ಲ. ಅಣ್ಣ ಸಂಸಾರದ ಮಾತೆತ್ತಿದಾಗಲೆಲ್ಲ ಅವನು ಫಿಲ್ಮ್ ಎಷ್ಟು ಬಾಳುತ್ತದೆ, ಬಿಸಿಲಿಗೆ ಮಾಸುತ್ತದೆಯೇ ಎಂದು ವಿಚಾರಿಸುತ್ತಿದ್ದ. ಎಳೆದು ಹಿಡಿದ ಕೈ ಒಮ್ಮೆಯೂ ಅಲುಗಲಿಲ್ಲ.

ಕೆಲಸ ಮುಗಿದಾಗ ಕಾರಿಗೊಂದು ಸುತ್ತು ಬಂದು, ಹಿಂಬದಿಯ ಮೂಲೆಯನ್ನು ಬೆರಳಿನಿಂದ ಸವರಿದ.

"ಇಲ್ಲೊಂದು ಗುಳ್ಳೆ ಉಳಿದಿದೆ, ಭಾವ."

ಅದನ್ನು ಚುಚ್ಚಿ ಗಾಳಿ ಬಿಡಲು ಅಣ್ಣ ಸೂಜಿ ತರಲೆಂದು ತಿರುಗಿದ.

"ಬಿಡಿ, ಇರಲಿ. ನಂಗೂ ಒಂದು ಗುರುತು ಬೇಕಲ್ವಾ?" ಎಂದು ನಕ್ಕ. ಒಳಕೋಣೆಯ ಬಾಗಿಲನ್ನೇ ನೋಡುತ್ತ ಮೆಲ್ಲಗೆ ಹೇಳಿದ: "ಎಲ್ಲೇ ಇದ್ರೂ ಹುಷಾರಾಗಿರೋಕೆ ಅವ್ಳಿಗೆ ಹೇಳಿ."

ರಸ್ತೆ ದಾಟಿ ತನ್ನ ಕಾರಿನಲ್ಲಿ ಕೂತ. ಅಲ್ಲಿಂದ ಕದಲಲಿಲ್ಲ.

ಅಣ್ಣ ಷಟರನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ. ತಂಗಿ ಇಷ್ಟು ದಿನ ಬಾಯಿಬಿಟ್ಟು ಹೇಳಿದ್ದು ಇದನ್ನೇ. ತಾನು ಕೇಳಿಸಿಕೊಂಡದ್ದು ಮಾತ್ರ ಗಂಡ ಹೆಂಡಿರ ಜಗಳವನ್ನು.

ಅವಳು ಹೊರಗೆ ಬಂದಳು.

"ನಾನಿಲ್ಲಿರೋದು ಇವ್ನಿಗೆ ಯಾರು ಹೇಳಿದ್ರು?"

"ನಾನೇ."

ಅವಳು ಕಾರಿನಿಂದ ತನ್ನ ಚೀಲ ಎತ್ತಿಕೊಂಡಳು. ಬೈದಿದ್ದರೇ ಮೇಲಿತ್ತು. ಅಣ್ಣ ಸರಕು ಸಾಗಿಸುವ ತನ್ನ ಹಳೆಯ ವ್ಯಾನಿನ ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟು, ಹಿಂದಿನ ಓಣಿಗೆ ತೆರೆಯುವ ಬಾಗಿಲು ತೋರಿಸಿದ. ಎಲ್ಲಿಗೆ ಹೋಗುತ್ತೀಯೆಂದು ಕೇಳಲು ಬಾಯಿ ತೆರೆದವನು, "ಬೇಡ, ನಂಗೂ ಹೇಳ್ಬೇಡ" ಎಂದ.

ಆಮೇಲೆ ಷಟರ್ ಪೂರ್ತಿ ಎತ್ತಿ ತಂಗಿಯ ಕಾರಿನಲ್ಲಿ ಕೂತ. ಮೊಣಕಾಲುಗಳು ಸ್ಟೀರಿಂಗಿಗೆ ತಾಗುತ್ತಿದ್ದವು. ಇಳಿಬಿಸಿಲು ಗಾಜಿನ ಮೇಲೆ ಬಿದ್ದು, ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಕಾಣುವಂತಿರಲಿಲ್ಲ. ಒಮ್ಮೆಗೇ ಹೊರಗೆ ನುಗ್ಗಿ, ವ್ಯಾನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಹೊರಟ.

ಕನ್ನಡಿಯಲ್ಲಿ ತಂಗಿಯ ಗಂಡನ ಕಾರೂ ಹಿಂದೆಯೇ ಹೊರಟಿತು. ಮುಂದಿನ ವೃತ್ತದಲ್ಲಿ ಇಬ್ಬರ ನಡುವೆ ಬಸ್ಸೊಂದು ಅಡ್ಡ ಬಂತು. ಅಣ್ಣ ವೇಗ ತಗ್ಗಿಸಿ, ಬಸ್ಸು ದಾಟಿ ಹಿಂದಿನ ಕಾರು ಮತ್ತೆ ಕನ್ನಡಿಯಲ್ಲಿ ಕಾಣುವವರೆಗೂ ಕಾದ.